ಹತ್ತು ನಿಮಿಷದ ಹೌಸ್‌ಫುಲ್

ಕಳೆದ ವಾರ ಮೂಡಲಗಿಯ ಗುಜರಿ ಅಂಗಡಿಯಲ್ಲಿ ಕೆಂಪು ತಗಡಿನ ಬೋರ್ಡೊಂದು ಕಂಡಿತು. ‘ಹೌಸ್‌ಫುಲ್’. ‘ಫು’ವಿನ ಕೊಂಬು ತುಸು ಉದ್ದ. ಅದು ನನ್ನ ಕೈಬರಹ.

ವರ್ಷಗಳ ಹಿಂದೆ ಅದು ತೂಗಿದ ಒಂದು ದಿನ ನಾನು ನಿಂತದ್ದು ಹುಕ್ಕೇರಿಯಲ್ಲಿ, ನಾಟಕ ಕಂಪನಿಯ ಟಿಕೆಟ್ ಕಿಟಕಿಯಿಂದ ಎಡಕ್ಕೆ ಮೂರು ಹೆಜ್ಜೆ. ಸಂಜೆ ಐದೂವರೆ. ಆರೂವರೆಗೆ ಆಟ. ಕಂಪನಿಯ ಬೋರ್ಡು, ಪರದೆ ಬರೆಯುವುದು ನನ್ನ ಕೆಲಸ. ಕಿಟಕಿಯಲ್ಲಿ ಕೂತು ಟಿಕೆಟ್ ಹರಿಯುತ್ತಿದ್ದವರನ್ನು ಎಲ್ಲರೂ ಬುಕಿಂಗ್ ಕಾಕಾ ಅನ್ನುತ್ತಿದ್ದೆವು.

ಆ ಕ್ಯಾಂಪಿನಲ್ಲಿ ದಿನವೂ ನಗೆನಾಟಕವೇ. ಕಾಕಾನ ಹೆಂಡತಿ, ನಮ್ಮೆಲ್ಲರ ಕಾಕೂ, ರಾಣಿಯಾಗುತ್ತಿದ್ದ ಹಳೆಯ ನಾಟಕ ಮೂಲೆ ಸೇರಿತ್ತು. ಕಾಕಾ ಕೇಳಿಕೊಂಡಾಗ ಮಾಲೀಕರು ಒಂದೇ ಆಟ ಕೊಟ್ಟರು. ಖುರ್ಚಿ ತುಂಬಿದರೆ ಅದು ಮೂಡಲಗಿ ಕ್ಯಾಂಪಿಗೂ ಹೋಗುತ್ತದೆ. ಇಲ್ಲದಿದ್ದರೆ ನಾಟಕ ಬಂದ್. ಕಾಕೂಗೆ ಇನ್ನು ಮೇಲೆ ನಗೆನಾಟಕದ ಅತ್ತೆಯ ಪಾತ್ರ.

ಕಾಕಾನದೊಂದು ಯುಕ್ತಿ ಇತ್ತು. ಒಳಗೆ ಖಾಲಿ ಇದ್ದರೂ ಹತ್ತು ನಿಮಿಷ ಬೋರ್ಡು ತೂಗುಹಾಕುವುದು. ಜನ ‘ನಿಂತಾದ್ರೂ ನೋಡ್ತೀವ್ರಿ’ ಎಂದು ಮುಗಿಬೀಳುವರು. ಆಗ ಬೋರ್ಡು ತೆಗೆದು, ‘ನಿಮ್ಮ ಪುಣ್ಯಾ, ನಾಕ ಖುರ್ಚಿ ಉಳದಾವು’ ಎನ್ನುವುದು.

ಅಂದೂ ಹಾಕಿದರು. ಎದುರಿನ ಚಹಾದಂಗಡಿಯ ಅಕ್ಕ ನಕ್ಕಳು.

“ಕಾಕಾ, ಒಳಗ ನೊಣಾನೂ ಇಲ್ಲ, ಹೌಸ್‌ಫುಲ್ ಏನ್ರಿ?”

“ನೊಣಾ ಪಾಸ್ ಮ್ಯಾಲ ಬರ್ತಾವು, ಸುಮ್ನಿರವಾ!”

ಅಷ್ಟರಲ್ಲಿ ಕಾಕೂ ಕಿರೀಟ ಕಟ್ಟಲು ಕರೆದರು. ಕಾಕಾ ಕಿಟಕಿ ಮುಚ್ಚಿ ಒಳಗೆ ಹೋದರು.

ಆಗ ಬಂತು ಬೆಲ್ಲದ ಬಾಗೇವಾಡಿಯ ಟ್ರ್ಯಾಕ್ಟರ್. ಟ್ರೇಲರ್ ತುಂಬ ಹೆಂಗಸರು. ಚಾಲಕ ಬೋರ್ಡು ಓದಿದ.

“ತುಂಬೈತಿ. ನಡ್ರಿ ಹಿಂದಕ್ಕ.”

“ರಾಣಿನ್ನ ನೋಡಾಕ ಬಂದಿದ್ವಲ್ಲೋ ತಮ್ಮಾ...” ಎಂದಳು ಒಬ್ಬ ಮುದುಕಿ.

ತಡೆಯಬಹುದಿತ್ತು. ಆದರೆ ಬೋರ್ಡಿನ ಗುಟ್ಟು ಬೀದಿಯಲ್ಲಿ ಬಿಡಬಾರದು ಎಂಬುದು ಕಂಪನಿಯ ಕಟ್ಟಳೆ. ಕಾಕಾನನ್ನು ಕರೆಯೋಣವೆಂದು ತಿರುಗುವಷ್ಟರಲ್ಲಿ ಟ್ರ್ಯಾಕ್ಟರ್ ತಿರುಗಿಯಾಗಿತ್ತು...

ಕಾಕಾ ಓಡಿ ಬಂದರು. “ಸಪ್ಪಳಾ ಕೇಳಸ್ತು. ಯಾರ್ ಬಂದಿದ್ರು?”

“ಯಾರೂ ಇಲ್ರಿ ಕಾಕಾ.”

ಚಹಾದ ಅಕ್ಕ ನನ್ನನ್ನು ನೋಡಿದಳು. ಮತ್ತೆ ಗ್ಲಾಸು ತೊಳೆಯತೊಡಗಿದಳು.

ಕಾಕೂ ಮೂರು ಸಾಲಿನ ಜನಕ್ಕೆ ಒಂದು ಮಾತೂ ಬಿಡದೆ ರಾಣಿಯಾದರು. ಮೂಡಲಗಿಯಲ್ಲಿ ಅತ್ತೆಯಾದರು. ಜನ ನಕ್ಕರು. ಕಿಟಕಿಯಲ್ಲಿ ಕಾಕಾ ಆ ನಗು ಕೇಳುತ್ತ ತಲೆ ತಗ್ಗಿಸಿ ಕೂತಿರುತ್ತಿದ್ದರು. ನಾಟಕ ಯಾರಿಗೂ ಬೇಡವಾಗಿತ್ತು ಎಂದೇ ಇಬ್ಬರೂ ನಂಬಿದರು, ಹಾಗೆಯೇ ತೀರಿಹೋದರು.

ಬೋರ್ಡು ಕೊಂಡು ತಂದಿದ್ದೇನೆ. ಗೋಕಾಕದ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ. ಟ್ರ್ಯಾಕ್ಟರಿನವರು ಈಗ ಎಲ್ಲಿದ್ದಾರೋ ತಿಳಿಯದು. ಅವರನ್ನು ಬಿಟ್ಟರೆ ಆ ಟ್ರ್ಯಾಕ್ಟರ್ ಹಿಂದಿರುಗಿದ್ದನ್ನು ಕಂಡವರು ಇಬ್ಬರೇ: ಹುಕ್ಕೇರಿಯ ಚಹಾದ ಅಕ್ಕ, ಮತ್ತು ನಾನು.