ಕಾಕಾ ಸಾಕಿದ ಜವಾರಿ ಕೋಳಿ

ನಮ್ಮ ಕಾಕಾನ ಎಡಗೈ ಮಣಿಕಟ್ಟಿನಿಂದ ಮೊಣಕೈತನಕ ಎಂದೂ ಅವನ ಮೈಬಣ್ಣದ್ದಾಗಿರಲಿಲ್ಲ. ಬಣ್ಣ ಕಲಸಿದ ಮೇಲೆ ಹದ ಬಂತೋ ಇಲ್ಲವೋ ಎಂದು ನೋಡಲು ಅವನು ಆ ತೋಳಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದ. ಎಷ್ಟು ತಿಕ್ಕಿ ತೊಳೆದರೂ ಹಳೆಯ ಗೆರೆಗಳು ಪೂರ್ತಿ ಹೋಗುತ್ತಿರಲಿಲ್ಲ. ಹಳದಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಮ್ಮಣ್ಣಿನ ಗೇರು ಬಣ್ಣ. ಊಟಕ್ಕೆ ಕೂತಾಗ ಬಲಗೈಯಲ್ಲಿ ರೊಟ್ಟಿ ಮುರಿಯುತ್ತ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ಹೊರಗಿನವರ ಮುಂದೆ ಮಾತ್ರವಲ್ಲ, ಮನೆಯವರಾದ ನಮ್ಮ ಮುಂದೆಯೂ.

ಅವನು ನನ್ನ ಅಪ್ಪನ ತಮ್ಮ. ಅಪ್ಪನಿಗೆ ಆಳಂದದಲ್ಲಿ ತೊಗರಿಯ ಅಡತಿ ಅಂಗಡಿ. ಕಾಕಾನಿಗೆ ವ್ಯಾಪಾರ ಒಗ್ಗಲಿಲ್ಲ. ಗಿರಾಕಿಯ ಮುಖ ನೋಡಿ ಮಾತಾಡುವುದೇ ಅವನಿಗೆ ಕಷ್ಟ. ಒಮ್ಮೆ ಅವನನ್ನು ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದರಂತೆ. ತಲೆ ಎತ್ತದೆ ಕೂತು ಎದ್ದು ಬಂದವನನ್ನು ಹುಡುಗಿ ಹೇಗಿದ್ದಾಳೆ ಎಂದು ಅಜ್ಜಿ ಕೇಳಿದರೆ, "ಅವರ ಮನ್ಯಾಗ ಫರ್ಸಿ ಬಾಳ ಚಂದ ಕೂಡ್ಸ್ಯಾರ ಬೇ" ಅಂದನಂತೆ. ನೆಲದ ಕಲ್ಲು ಬಿಟ್ಟು ಬೇರೇನನ್ನೂ ಅವನು ನೋಡಿರಲಿಲ್ಲ. ಆ ಮೇಲೆ ಮದುವೆಯ ಮಾತು ಹಾಗೇ ನಿಂತುಹೋಯಿತು.

ಮನೆಯ ಹಿತ್ತಲಲ್ಲಿ ದನ ಕಟ್ಟುವ ಹಳೆಯ ಕೊಟ್ಟಿಗೆ ಇತ್ತು. ದನಗಳು ಹೋದ ಮೇಲೆ ಅದಕ್ಕೆ ಸುಣ್ಣ ಬಳಿದು ಕಾಕಾ ಅಲ್ಲಿ ಬೋರ್ಡು ಬರೆಯಲು ಕೂತ. ಒಂದು ಕಾಲದಲ್ಲಿ ಅಫಜಲಪುರದ ಬಟ್ಟೆ ಅಂಗಡಿಗಳಿಗೆ, ಗಾಣಗಾಪುರದ ಲಾಡ್ಜುಗಳಿಗೆ ಅವನದೇ ಕೈ. ಫ್ಲೆಕ್ಸ್ ಬಂದ ಮೇಲೆ ಉಳಿದದ್ದು ಟ್ರ್ಯಾಕ್ಟರ್ ಟ್ರಾಲಿ, ಶಾಲೆಯ ಗೋಡೆ, ಗುಡಿಯ ಬಾಗಿಲು, ಮದುವೆ ಮನೆಯ ಮುಂದಿನ ಆನೆಗಳು. ನಾನು ಅಕ್ಷರ ತಿದ್ದಿದ್ದು ಶಾಲೆಯಲ್ಲಲ್ಲ, ಆ ಕೊಟ್ಟಿಗೆಯ ಗೋಡೆಯ ಮೇಲೆ. ಕೈ ನಡುಗಿಸಿಕೊಂಡು ಗೆರೆ ಎಳೆದರೆ ಅವನು ಹಿಂದಿನಿಂದ ಹೇಳುತ್ತಿದ್ದ: "ನಾವು ಅಂಜಿದ್ರ ನಡೀತದ ಯವ್ವಾ. ಗೆರಿ ಅಂಜಬಾರದು." ಊರೆಲ್ಲ ಅಂಜುವ ಮನುಷ್ಯನ ಗೆರೆ ನಿಜಕ್ಕೂ ಅಂಜುತ್ತಿರಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಬಸ್‌ಸ್ಟ್ಯಾಂಡಿನ ಹತ್ತಿರ ಚಿಕನ್ ಅಂಗಡಿ ಇಟ್ಟಿದ್ದ ಮಾಮು ಒಬ್ಬರು ಅವನನ್ನು ಹುಡುಕಿಕೊಂಡು ಬಂದರು. ಫ್ಲೆಕ್ಸ್ ಬಿಸಿಲಿಗೆ ಹರಿದುಹೋಗುತ್ತದೆ, ತಗಡಿನ ಮೇಲೆ ಬರೆದುಕೊಡಿ ಎಂದರು. ಕೊರಳಲ್ಲಿ ಲಿಂಗ ಕಟ್ಟಿದವನು ಕೋಳಿ ಅಂಗಡಿಯ ಬೋರ್ಡು ಬರೆಯುವುದೇ? ಆದರೆ ಆ ಹಂಗಾಮಿನಲ್ಲಿ ಅವನಿಗೆ ಬೇರೆ ಕೆಲಸ ಇರಲಿಲ್ಲ. ಅಕ್ಷರ ಅಷ್ಟೇ ಬರೆದುಕೊಡುತ್ತೇನೆಂದ.

"ಅಕ್ಷರ ಓದೋರು ಯಾರು ಪೇಂಟರ್ ಸಾಬ್? ಕೋಳಿ ತೆಗೀರಿ. ದೂರಲಿಂದ ಕಾಣಬೇಕು."

"ನಾ ಕೋಳಿ ಸನೇಕ ನೋಡೇ ಇಲ್ರಿ ಮಾಮು. ನೋಡಲಾರದ್ದು ನನ್ನ ಕೈಲೆ ಬರಂಗಿಲ್ರಿ."

"ಹಂಗಾರ ನೋಡ್ರಿ" ಎಂದು ಮಾಮು ಮರುದಿನ ಒಂದು ಜವಾರಿ ಕೋಳಿಯನ್ನು ಚೀಲದಲ್ಲಿ ಹಾಕಿ ತಂದುಕೊಟ್ಟರು. ಕಂದು ಮೈ, ಕೊರಳಲ್ಲಿ ಹೊನ್ನಿನ ಹೊಳಪು, ಬಾಲದ ತುದಿಯಲ್ಲಿ ಕಪ್ಪು. ಕಾಕಾ ಕೊಟ್ಟಿಗೆಯ ಬಾಗಿಲು ಮುಂದೆ ಮಾಡಿಕೊಂಡು ಅದನ್ನು ನೋಡುತ್ತ ಬರೆದ. ಬೋರ್ಡು ಮುಗಿದ ದಿನ ಕೋಳಿಯನ್ನು ಚೀಲದಲ್ಲಿ ಹಾಕಿಕೊಂಡು ಹಿತ್ತಲ ಬಾಗಿಲತನಕ ಹೋದವನು ತಿರುಗಿ ಬಂದ. ನಾನು ಅಲ್ಲೇ ಇದ್ದೆ.

"ಯಾಕ ಕಾಕಾ?"

"ಇಷ್ಟು ದಿನ ನನ್ನ ಎದ್ರಿಗಿ ನಿಂತಾಳ. ಯಾತರ ಬೋರ್ಡ್ ಬರಿಯಾಕತ್ತೇನಿ ಅಂತ ಆಕಿಗಿ ಗೊತ್ತಿಲ್ಲ. ನನಗ ಗೊತ್ತದ ಅಲ್ಲ ಯವ್ವಾ."

ಹೀಗೆ ಹೇಳಿ ಕೋಳಿಯನ್ನು ಕೆಳಗೆ ಬಿಟ್ಟ. ಮಾಮು ನಕ್ಕು, "ಇಟ್ಕೋರಿ, ನಿಮ್ಮ ಬೋರ್ಡಿನ ಹೀರೋಯಿನ್ ಅದು" ಅಂದರು.

ಕೊಟ್ಟಿಗೆಯ ಸ್ವರೂಪವೇ ಬದಲಾಯಿತು. ಅಕ್ಷರ ಸಾಲಾಗಿ ಬರಲೆಂದು ಕಾಕಾ ಚಾಕ್‌ಪುಡಿ ಹಚ್ಚಿದ ದಾರವನ್ನು ತಗಡಿನ ಮೇಲೆ ಬಿಗಿದರೆ ಕೋಳಿ ಅದನ್ನು ಹುಳವೆಂದು ಹಿಡಿದು ಎಳೆಯುತ್ತಿತ್ತು. ಕೊಕ್ಕು ಬೆಳ್ಳಗೆ. ದೊಡ್ಡ ಅಕ್ಷರ ಬರೆಯುವಾಗ ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಕೂತು ತೂಕಡಿಸುತ್ತಿತ್ತು. ಬ್ರಷ್ಷು ತೊಳೆಯುವ ಸದ್ದಾದರೆ ಎಚ್ಚರವಾಗಿ ಬಂದು ಅವನ ಪಾದದ ಹತ್ತಿರ ನಿಲ್ಲುತ್ತಿತ್ತು. ಮನುಷ್ಯರ ಮುಂದೆ ಬಾಯಿ ಬಿಡದ ಕಾಕಾ ಕೋಳಿಯ ಮುಂದೆ ದಿನವಿಡೀ ಮಾತಾಡುತ್ತಿದ್ದ. ಎರಡು ಹೆಜ್ಜೆ ಹಿಂದೆ ಸರಿದು, "ಹ್ಯಾಂಗದ? ಬಾಲ ಉದ್ದಾತೇನು?" ಎಂದು ಕೇಳುತ್ತಿದ್ದ. ಅದು ಕತ್ತು ಓರೆ ಮಾಡಿ ಒಂದೇ ಕಣ್ಣಿನಿಂದ ನೋಡಿದರೆ, "ತಪ್ಪು ಹಿಡದಳು ನೋಡು" ಎಂದು ನಗುತ್ತಿದ್ದ. ಅವನು ಗಟ್ಟಿಯಾಗಿ ನಗುವುದನ್ನು ನಾನು ಕೇಳಿದ್ದು ಆಗಲೇ. "ಒಬ್ಬನs ಇದ್ರ ಕೈ ಓಡ್ತದ. ಯಾರರೆ ಕುಂತಿದ್ರ ನಿಧಾನಾಗ್ತದ" ಎಂದು ಒಮ್ಮೆ ಹೇಳಿದ್ದ.

ತತ್ತಿಯದೇ ಒಂದು ಪಾಡಾಯಿತು. ತತ್ತಿಯನ್ನು ನಮ್ಮ ಮನೆಯಲ್ಲಿ ಮುಟ್ಟುವಂತಿಲ್ಲ. ಹಿಂದಿನ ಓಣಿಯ ಗೌಂಡಿಯ ಹೆಂಡತಿ ಬಾಣಂತಿಯಾಗಿದ್ದಳು. ಕಾಕಾ ತತ್ತಿಯನ್ನು ಪೇಪರಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು, ಎದೆನೋವು ಬಂದವನ ಹಾಗೆ ಮೈ ಬಿಗಿಹಿಡಿದು ನಮ್ಮ ಅಂಗಳ ದಾಟಿ ಹೋಗಿ ಅವರ ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದ. ಎದುರಿಗೆ ಅವ್ವ ಬಂದರೆ ಅವನ ಕಿವಿ ಕೆಂಪಾಗುತ್ತಿತ್ತು. ಅವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದಳು.

ಅಪ್ಪ ನಗಲಿಲ್ಲ. ಅಡತಿಗೆ ಬಂದ ಯಾರೋ, "ತಮ್ಮ ಕೋಳಿ ಕಟ್ಟ್ಯಾನಂತಲ್ರಿ" ಎಂದು ಕೇಳಿದ್ದರಂತೆ. ಅಪ್ಪ ಮನೆಗೆ ಬಂದು ಅದನ್ನೇ ಕಾಕಾನಿಗೆ ಹೇಳಿದ.

"ಸಾಕೇನಿ ಅಣ್ಣಾ. ತಿನ್ನಾಕೇನಲ್ಲ" ಎಂದ ಕಾಕಾ.

"ಅದು ನಿನಗ ಗೊತ್ತು, ನನಗ ಗೊತ್ತು. ಮಂದಿಗಿ ಏನು ಗೊತ್ತು?"

ಕಾಕಾ ಎಡಗೈಯನ್ನು ಬೆನ್ನ ಹಿಂದೆ ಮಾಡಿಕೊಂಡು ನಿಂತ.

ನನ್ನನ್ನು ನೋಡಲು ಜೇವರ್ಗಿಯಿಂದ ಹುಡುಗನ ಕಡೆಯವರು ಬಂದದ್ದು ಆ ಮೇಲೆ. ಒಳ್ಳೆಯ ಮನೆತನ, ಹೊಲ ಇತ್ತು, ಕಾಳಿನ ವ್ಯಾಪಾರ ಇತ್ತು. ಅಪ್ಪನಿಗೆ ಈ ಸಂಬಂಧ ಕೂಡಿ ಬರಲೇಬೇಕೆಂಬ ಆಸೆ. ಕಾಕಾ ತಾನಾಗಿಯೇ ಕೋಳಿಯನ್ನು ಕೊಟ್ಟಿಗೆಯಲ್ಲಿ ಬುಟ್ಟಿಯ ಕೆಳಗೆ ಮುಚ್ಚಿ, ತೋಳು ತೊಳೆದು, ತುಂಬುತೋಳಿನ ಅಂಗಿ ಹಾಕಿಕೊಂಡು ಬಂದು ಪಡಸಾಲೆಯ ಮೂಲೆಯಲ್ಲಿ ಕೂತ. ಚೂಡಾ ಆಯಿತು, ನಾನು ಚಹಾ ತಂದುಕೊಟ್ಟೆ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಆಗ ಹಿತ್ತಲಿನಿಂದ ಸದ್ದು ಬಂತು. ತತ್ತಿ ಇಟ್ಟ ಕೋಳಿ ಊರಿಗೆಲ್ಲ ಸಾರುವ ಸದ್ದು. ನಿಲ್ಲಲೇ ಇಲ್ಲ.

ಹುಡುಗನ ಸೋದರಮಾವ ಚಹಾದ ಬಸಿ ಕೆಳಗಿಟ್ಟು, "ಏನ್ರಿ, ನಿಮ್ಮನ್ಯಾಗ ಕೋಳಿ ಸಾಕೀರೇನು?" ಎಂದರು. ಮುಖದಲ್ಲಿ ನಗು ಇತ್ತು, ಆದರೆ ಕೇಳಿದ್ದು ನಗುವುದಕ್ಕಲ್ಲ.

"ಛೇ, ಇಲ್ರಿ. ಹಿಂದಿನ ಮನಿಯವರದ್ರಿ" ಎಂದ ಅಪ್ಪ.

ಅವರು ಯಾಕೋ ಕಾಕಾನ ಕಡೆ ತಿರುಗಿ ನೋಡಿದರು. ಕಾಕಾ ತಲೆ ತಗ್ಗಿಸಿ, "ಹೌದ್ರಿ. ನಮ್ದಲ್ರಿ" ಅಂದ.

ನಾಲ್ಕು ದಿನಕ್ಕೆ ಅವರು ಒಪ್ಪಿಗೆಯಾಗಿದೆ ಎಂದು ಫೋನು ಮಾಡಿದರು. ಮನೆಯಲ್ಲಿ ಸಕ್ಕರೆ ಹಂಚಿದ ಮೇಲೆ ಅಪ್ಪ ಕೊಟ್ಟಿಗೆಗೆ ಹೋದ. ಸಿಟ್ಟಿನಿಂದಲ್ಲ, ಮೆಲ್ಲಗೇ ಮಾತಾಡಿದ. "ನಿಶ್ಚಯಕ್ಕ ಮತ್ತ ಬರ್ತಾರ. ನಮ್ದಲ್ಲಂತ ಹೇಳೇವಿ. ಆ ಮಾತಿಗಿ ನಿಲ್ಲಬೇಕಾಗ್ತದ ನೋಡೋ." ಕಾಕಾ ತಲೆಯಾಡಿಸಿದ.

ಸಂಜೆ ಅವನು ಕೋಳಿಯನ್ನು ಶಾಲಿನೊಳಗೆ ಅವುಚಿಕೊಂಡು ಮಾಮುವಿನ ಅಂಗಡಿಗೆ ಹೊರಟಾಗ ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. "ಬ್ಯಾಡ ಕಾಕಾ" ಅಂದೆ. ಅವನು ನನ್ನ ಮುಖ ನೋಡಲಿಲ್ಲ.

"ನಮ್ದಲ್ಲ ಅಂದದ್ದು ಆಕಿ ಕೇಳ್ಯಾಳ ಯವ್ವಾ. ಇನ್ನ ಇಲ್ಲಿ ಇಟ್ಕೊಂಡು ಹ್ಯಾಂಗ ಮಾರಿ ತೋರಿಸ್ಲಿ?"

ಮಾಮು ಅದನ್ನು ಕೊಯ್ಯಲಿಲ್ಲ. ಜೇವರ್ಗಿಯಲ್ಲಿ ಅವರ ತಂಗಿಯ ಮನೆಗೆ ದೊಡ್ಡ ಅಂಗಳವಿದೆ, ಅಲ್ಲಿ ಬಿಡುತ್ತೇನೆಂದರಂತೆ. ಮಾರನೆಯ ದಿನ ಅಪ್ಪನಿಗೇ ತಡೆಯಲಾಗಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಮದಿವಿ ಮುಗದ ಮ್ಯಾಲ ಬೇಕಾದ್ರ ತಗೊಂಡ ಬಾರೋ" ಎಂದ. ಕಾಕಾ ಬ್ರಷ್ಷು ತೊಳೆಯುತ್ತ, "ಇರ್ಲಿ ಬಿಡಣ್ಣಾ" ಅಂದ. ಅಣ್ಣತಮ್ಮಂದಿರ ನಡುವೆ ಆ ವಿಷಯ ಮತ್ತೆ ಬರಲಿಲ್ಲ. ಅಪ್ಪ ಮಾತ್ರ ಅಂದಿನಿಂದ ಊಟಕ್ಕೆ ಕಾಕಾ ಬರುವತನಕ ಕಾಯತೊಡಗಿದ.

ನನ್ನ ಮದುವೆಗೆ ಮನೆಯ ಬಾಗಿಲ ಎರಡೂ ಕಡೆ ಕಾಕಾ ಆನೆಗಳನ್ನು ಬರೆದ. ಬರೆಯುತ್ತ ಎರಡು ಹೆಜ್ಜೆ ಹಿಂದೆ ಸರಿದು, ಕೆಳಗೆ ತನ್ನ ಪಾದದ ಹತ್ತಿರ ನೋಡಿ, ಏನೋ ಕೇಳಲು ಬಾಯಿ ತೆರೆದು ಮುಚ್ಚಿಕೊಂಡ. ಕೈಗೆ ಅರಿಷಿಣ ಹಚ್ಚಿಸಿಕೊಂಡು ಕೂತಿದ್ದ ನಾನು ಕಿಟಕಿಯಿಂದ ಅದನ್ನು ಕಂಡೆ.

ಜೇವರ್ಗಿಯ ನಮ್ಮ ಮನೆಗೆ ಅವನು ಬಂದದ್ದು ಒಂದೇ ಸಲ. ಕೆಲಸದಿಂದ ನೇರವಾಗಿ ಬಂದಿದ್ದನೇನೋ, ತೋಳಿನ ಮೇಲೆ ಕೆಂಪು ಇನ್ನೂ ಹಸಿಯಾಗಿತ್ತು. ಅತ್ತೆ ಕೆಟ್ಟವರಲ್ಲ. ಹೊಸ ಸೋಫಾ, ಬಣ್ಣ ಹತ್ತೀತು ಎಂದು ಗಡಬಡಿಸಿ ಪೇಪರು ಹಾಸಿದರು. "ಹಾಸ್ರಿ, ಹಾಸ್ರಿ" ಎಂದು ಅವನೇ ಪೇಪರಿನ ಮಡಿಕೆ ಬಿಚ್ಚಿ ಅವರಿಗೆ ನೆರವಾಗಿ, ತುದಿಯಲ್ಲಿ ಕೂತು, ಚಹಾ ಕುಡಿದು ಎದ್ದ. ನಾನು ಬಸಿ ಹಿಡಿದು ನಿಂತಿದ್ದೆ. ಮತ್ತೆ ಅವನು ಬರಲಿಲ್ಲ. ತವರಿಗೆ ಹೋದಾಗ ಕೇಳಿದರೆ, "ಕೆಲಸ ಬಾಳ ಅದ ಯವ್ವಾ" ಎನ್ನುತ್ತಿದ್ದ. ಫ್ಲೆಕ್ಸಿನ ಕಾಲದಲ್ಲಿ ಯಾವ ಕೆಲಸ ಎಂದು ನಾನು ಕೇಳಲಿಲ್ಲ.

ಹೋದ ವರ್ಷ ಬೇಸಿಗೆಯ ಕೊನೆಗೆ, ಊರ ಶಾಲೆಯ ಗೋಡೆ ಬರೆಯುತ್ತಿದ್ದವನು ಎದೆ ಹಿಡಿದುಕೊಂಡು ನೆರಳಿಗೆ ಸರಿದು ಕೂತ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಮಣ್ಣಿಗೆ ಇಡುವ ಮುಂಚೆ ಮೈ ತೊಳೆದರಲ್ಲ, ಎಡತೋಳಿನ ಬಣ್ಣ ಆಗಲೂ ಪೂರ್ತಿ ಬಿಡಲಿಲ್ಲ. ಅಪ್ಪ ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

ನಾನು ಜೇವರ್ಗಿಗೆ ಮರಳಿ ಸ್ವಲ್ಪ ದಿನವಾಗಿತ್ತು. ಒಂದು ಮಧ್ಯಾಹ್ನ ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬರು ಬಾಗಿಲಿಗೆ ಬಂದು ನಿಂತರು. ಚಿಕನ್ ಅಂಗಡಿಯ ಮಾಮುವಿನ ತಂಗಿ ಎಂದು ಪರಿಚಯ ಹೇಳಿಕೊಂಡರು. ಅವರ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ.

"ನಿಮ್ಮ ಕಾಕಾ ಹ್ವಾದರಂತ ಅಣ್ಣಾ ಫೋನ್ ಮಾಡಿದ್ದ. ಬಾಳ ಬ್ಯಾಸರಾತವ್ವಾ. ತಿಂಗಳಾ ಬರ್ತಿದ್ರು."

"ಎಲ್ಲಿಗೆ ಆಪಾ?"

"ನಮ್ಮನಿಗಿ. ಕೋಳಿ ನೋಡಾಕ. ಅಂಗಳದಾಗ ಕುಂತು ಅದರ ಜೋಡಿ ಮಾತಾಡಿ ಹೋಗೋರು."

ಆಳಂದದಿಂದ ಕಲಬುರಗಿಗೆ ಬಂದು, ಬಸ್ಸು ಬದಲಿಸಿ ಜೇವರ್ಗಿಗೆ. ತಿಂಗಳಿಗೊಮ್ಮೆ. ಎರಡು ಓಣಿ ಆಚೆ ತನಕ. "ಕೋಳಿ ಈಗ ಹೇಗಿದೆ?" ಎಂದಷ್ಟೇ ಕೇಳಿದೆ.

"ಅದು ಸತ್ತು ಎರಡು ವರ್ಷ ಆತಲ್ಲವ್ವಾ. ಆಮ್ಯಾಲೂ ಬರ್ತಿದ್ರು."

"ಯಾಕೆ?"

ಆಪಾ ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಅದನ್ನs ಹೇಳಾಕ ಬಂದೇನಿ. ಬರೋದು, ನೀರು ಕುಡಿಯೋದು, ಆ ಮನ್ಯಾಗಿನ ನಮ್ಮ ಹುಡುಗಿ ಹ್ಯಾಂಗ ಅದಾಳ್ರಿ, ನಿಮಗ ಭೇಟಿ ಆಗ್ತಾಳೇನ್ರಿ ಅಂತ ಕೇಳೋದು. ಹೋಗಿ ನೋಡ್ರಲ್ಲ, ಇಲ್ಲೇ ಅದ ಅಂದ್ರ, ನನ್ನ ಕೈ ಹಿಂಗ ಅದಾವ್ರಿ, ದೊಡ್ಡವರ ಮನಿ, ಆಕಿಗಿ ಕಡಿಮಿ ಆಗ್ತದ ಅನ್ನೋರು. ನಾ ನಿಮ್ಮ ಹೊಸ್ತಿಲಾ ತುಳಿದಾಕಿ ಅಲ್ಲ. ನಿಮ್ಮ ಮಾರಿ ಸುದ್ದಾ ನೋಡಿರಲಿಲ್ಲ. ಆದ್ರ ಅಷ್ಟು ದೂರಲಿಂದ ಬಂದಾರಂತ ಪ್ರತಿ ಸಲಾನೂ ಸುಳ್ಳು ಹೇಳ್ತಿದ್ದೆ. ನಿನ್ನೆನs ಸಿಕ್ಕಿದ್ಳ್ರಿ, ಬಾಳ ಆರಾಮ ಅದಾಳ್ರಿ, ಮೈ ಕೈ ತುಂಬ್ಯಾಳ್ರಿ, ನಿಮ್ಮನ್ನ ಕೇಳಿದ್ಳ್ರಿ ಅಂತ. ಖುಷಿಲೆ ಹೋಗೋರು. ಅವರು ಹ್ವಾದ ಮ್ಯಾಲ ಮನಸ್ಸಿಗಿ ಹತ್ತಿತು. ಸತ್ತವರಿಗಿ ಸುಳ್ಳು ಹೇಳಿ ಕಳಿಸಿದಂಗಾತು. ನೀವು ಆಗ ತ್ರಾಸಿನಾಗ ಏನರೆ ಇದ್ರೇನವ್ವಾ?"

ಅವರ ಕಣ್ಣಲ್ಲಿ ನೀರಿತ್ತು. ನಾನು ಅವರ ಕೈ ಹಿಡಿದುಕೊಂಡೆ.

"ಇಲ್ಲ ಆಪಾ. ನನ್ನ ಬಗ್ಗೆ ನೀವು ಹೇಳಿದ್ದು ಸುಳ್ಳಲ್ಲ, ಕಾಕಾನನ್ನು ಕೇಳಿದೆ ಅಂದದ್ದೊಂದು ಮಾತು ಬಿಟ್ಟು. ನಾನು ಆರಾಮಾಗಿಯೇ ಇದ್ದೆ."