ಒಂದೂವರೆ ಗಂಟೆ ಮುಂಚಿನ ಮದುಮಗಳು

ಗೆಳೆಯರೇ, ಇವತ್ತು ಹೊಳಲ್ಕೆರೆಯ ಛತ್ರದಲ್ಲಿ ನನ್ನ ಕೀಟಲೆ ನನಗೇ ತಿರುಗಿತು. ಮೇಕಪ್ಪಿನ ಹೆಂಗಸು ತಡ ಮಾಡಬಾರದೆಂದು, ಹತ್ತೂವರೆಯ ಮುಹೂರ್ತವನ್ನು ಒಂಬತ್ತಕ್ಕೇ ಎಂದು ಸುಳ್ಳು ಹೇಳಿದ್ದೆ. ಆಯಮ್ಮ ಮೊಗ್ಗಿನ ಜಡೆ ಸಮೇತ ಎಂಟೂವರೆಗೇ ಎಲ್ಲ ಮುಗಿಸಿಬಿಟ್ಟಳು.

ಮದುಮಗಳು ನಮ್ಮಣ್ಣನ ಮಗಳು. ತಾಯಿ ತೀರಿಕೊಂಡು ಎರಡು ವರ್ಷ. ಹತ್ತು ಗಂಟೆಗೆ ಹೋಗಿ ನೋಡಿದರೆ ಕಾಡಿಗೆ ಕೆನ್ನೆಗಿಳಿದಿತ್ತು.

“ಯಾಕವ್ವ?” ಎಂದೆ.

“ಬೆಳಗ್ಗಿಂದ ಪುರುಸೊತ್ತೇ ಇರ್ಲಿಲ್ಲ ಚಿಕ್ಕಪ್ಪ. ಸುಮ್ನೆ ಕುಂತ್ಕಂಡ ಮೇಲೆ ಅವ್ವ ನೆನಪಾದ್ಲು.”

ಹುಡುಗಿಯನ್ನೂ ಅಳಿಸಿದೆ, ಮೇಕಪ್ಪನ್ನೂ ಅಳಿಸಿದೆ. ಆಯಮ್ಮ ಮತ್ತೆ ಪೆಟ್ಟಿಗೆ ತೆರೆಯುತ್ತಾ ಗೊಣಗಿದಳು, “ನೀವು ನಿಜ ಹೇಳಿದ್ದಿದ್ರೆ ಈಗ ಮುಗಿಸ್ತಿದ್ದೆ ಯಜಮಾನ್ರೆ. ಅಳಾಕೆ ಟೈಮೇ ಸಿಕ್ತಿರ್ಲಿಲ್ಲ.” ಹೊರಗೆ ಅಯ್ನೋರು, “ಹುಡುಗೀನ ಕರ್ಕಂಡು ಬರ್ರಿ, ಹೊತ್ತಾತು” ಎಂದು ಕೂಗುತ್ತಿದ್ದರು.

ಮುಹೂರ್ತ ಹೇಗೋ ಸಿಕ್ಕಿತು. ಕಾಡಿಗೆ ಮಾತ್ರ ಎರಡನೇ ಸಲವೂ ನಿಲ್ಲಲಿಲ್ಲ.

ಜಡೆಗೆ ಎಷ್ಟು ಹೊತ್ತು, ಮುಖಕ್ಕೆ ಎಷ್ಟು ಹೊತ್ತು ಎಂದು ಎಲ್ಲ ಲೆಕ್ಕ ಹಾಕಿದ್ದೆ. ಅವ್ವನಿಗೆ ಎಷ್ಟು ಹೊತ್ತು ಬೇಕು ಎನ್ನುವುದನ್ನು ಈ ಜಾಣ ಚಿಕ್ಕಪ್ಪ ಲೆಕ್ಕಕ್ಕೇ ಹಿಡಿದಿರಲಿಲ್ಲ.