ವರ್ಗ ಯಾಕ್ ಮಾಡ್ಬೇಕು, ಸಾ?

ಹನೂರಿನಿಂದ ಬಸ್ಸಿನಲ್ಲಿ ಕೊಳ್ಳೇಗಾಲದ ಕಾಲೇಜಿಗೆ ಬಿಕಾಂ ಓದಲು ಹೋಗುತ್ತಿದ್ದಾಗ ನಡೆದದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. ಸಂಖ್ಯಾಶಾಸ್ತ್ರದ ಮೇಷ್ಟ್ರು, ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಒಂದು ಸೂತ್ರ ಬರೆಸಿದರು. ಪ್ರತಿ ಸಂಖ್ಯೆಯಿಂದ ಸರಾಸರಿಯನ್ನು ಕಳೆದು, ಬಂದದ್ದನ್ನು ವರ್ಗ ಮಾಡಿ ಕೂಡಬೇಕು. ನಾನು ಎದ್ದು ನಿಂತೆ.

"ಸಾ, ವರ್ಗ ಯಾಕ್ ಮಾಡ್ಬೇಕು? ಅಂಗೇ ಕೂಡುದ್ರೆ ಆಗಲ್ವಾ?"

"ಅಂಗೇ ಕೂಡ್ತಾಳಂತೆ!" ಎಂದು ಅವರು ನನ್ನ ಮಾತನ್ನು ಅಣಕಿಸಿದರು. "ಎಲ್ಲೆಲ್ಲಿಂದ ಬರ್ತಾರೋ! ಕೂತ್ಕೊಂಡು ಬರ್ಕೊಳಮ್ಮ."

ತರಗತಿಯೆಲ್ಲ ನಕ್ಕಿತು. ಪಕ್ಕದಲ್ಲಿದ್ದ ಯಳಂದೂರಿನ ಗೆಳತಿಯೂ ನಕ್ಕಳು.

ಆಮೇಲೆ ಆ ವರ್ಷವೆಲ್ಲ ನಾನು ಬಾಯಿ ತೆರೆಯಲಿಲ್ಲ. ಆ ವಿಷಯದಲ್ಲಿ ಫೇಲಾದೆ. ಗೆಳತಿಯೂ ಫೇಲಾಗಿದ್ದಳು.

"ನಂಗೂ ಅರ್ಥ ಆಗಿರ್ನಿಲ್ಲ ಕಣೆ. ನಗ್ದೆ ಇದ್ರೆ ನನ್ನೂ ಕೇಳ್ಬುಡ್ತಾರೆ ಅಂತ ನಕ್ಬುಟ್ಟೆ," ಎಂದಳು.

ಅವಳ ಮೇಲೆ ರೇಗಾಡಿದೆ. ಆಮೇಲೆ ಅವಳನ್ನೇ ಎಳೆದುಕೊಂಡು ಮೇಷ್ಟ್ರ ಕೋಣೆಗೆ ಹೋಗಿ ಅದೇ ಪ್ರಶ್ನೆ ಕೇಳಿದೆ. ಅವರು ಪುಸ್ತಕ ತಿರುವಿ ಹಾಕಿ, ಸೂತ್ರವನ್ನೇ ಮತ್ತೊಮ್ಮೆ ಓದಿದರು. ಅವರಿಗೂ ಗೊತ್ತಿರಲಿಲ್ಲ!

ಲೈಬ್ರರಿಯಲ್ಲಿ ಕೂತು ಐದು ಸಂಖ್ಯೆ ಬರೆದುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ವರ್ಗ ಮಾಡದೆ ಕೂಡಿದರೆ ಪ್ಲಸ್ಸೂ ಮೈನಸ್ಸೂ ಹೊಡೆದುಹೋಗಿ, ಸಂಖ್ಯೆಗಳು ಎಷ್ಟೇ ಚದುರಿದ್ದರೂ ಸೊನ್ನೆಯೇ ಬರುತ್ತಿತ್ತು; ವರ್ಗ ಮಾಡಿದರೆ ಮೈನಸ್ಸೇ ಉಳಿಯುತ್ತಿರಲಿಲ್ಲ. ಹತ್ತು ನಿಮಿಷದ ಕೆಲಸ. ಮರುಪರೀಕ್ಷೆಯಲ್ಲಿ ಇಬ್ಬರೂ ಪಾಸಾದೆವು.

ಕಾಲೇಜಿನಲ್ಲಿ ಮುಂದೆ ಬರಬೇಕಾದರೆ ಪ್ರಶ್ನೆ ಕೇಳುವುದನ್ನು ಕಲಿಯಿರಿ ಎಂದು ಈಗ ಎಲ್ಲರೂ ಭಾಷಣ ಮಾಡುತ್ತಾರೆ. ನಾನು ಅದನ್ನು ಕಲಿತೇ ಬಂದಿದ್ದೆ. ತನಗೆ ಗೊತ್ತಿಲ್ಲವೆಂದು ಹೇಳಲಾರದ ಒಬ್ಬ ಮೇಷ್ಟ್ರು ಅದನ್ನು ಒಂದು ವರ್ಷ ನನ್ನಿಂದ ಕಿತ್ತುಕೊಂಡಿದ್ದರು.